ಕಿವಿಯಲ್ಲಿ ಸಿಕ್ಕ ಸೇವಂತಿಗೆ

ನನಗೆ ಕಣ್ಣು ಬಂದದ್ದು ಆಮೇಲೆ, ಮೊದಲು ಬಂದದ್ದು ಕಿವಿ. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ನನ್ನನ್ನು ಜೋಡಿಸುತ್ತಿದ್ದಾಗ, ನೆತ್ತಿಯ ದುಂಡು ತೂತಿಗೆ ಒಂದು ಯಂತ್ರ ಉಕ್ಕಿನ ಕಡ್ಡಿ ಚುಚ್ಚಿತು, ತೆಗೆಯಿತು, ಮತ್ತೆ ಚುಚ್ಚಿತು. ಚುಚ್ಚಿದಾಗ ನಾನು ‘ಹೆಡ್‌ಫೋನ್ ಬಂತು’ ಅನ್ನಬೇಕು, ತೆಗೆದಾಗ ‘ಹೋಯಿತು’ ಅನ್ನಬೇಕು. ಅನ್ನದವರನ್ನು ಪಕ್ಕದ ಬುಟ್ಟಿಗೆ ಹಾಕುತ್ತಿದ್ದರು. ಆ ಬುಟ್ಟಿಯ ಭಯಕ್ಕೆ ಪಾಠ ಚೆನ್ನಾಗಿ ತಲೆಗೆ ಹತ್ತಿತು: ಕಿವಿಯೊಳಗೆ ಏನಾದರೂ ಇದ್ದರೆ ಮಾತೆಲ್ಲ ಅದಕ್ಕೇ ಹೇಳಬೇಕು, ಊರಿಗೆ ಕೇಳಿಸಬಾರದು. ಒಳಗಿರುವುದು ಏನು ಎಂದು ವಿಚಾರಿಸುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ನನ್ನ ಗೋಳೆಲ್ಲ ಅಲ್ಲಿಂದಲೇ ಶುರು.

ನನ್ನ ಮೊದಲ ಒಡತಿ ರಾಣೆಬೆನ್ನೂರಿನ ಬಿಂದು. ಕಾಲೇಜು ಹುಡುಗಿ. ಎದ್ದರೆ ಇಯರ್‌ಫೋನ್, ಕೂತರೆ ಇಯರ್‌ಫೋನ್. ನಾನು ಅವಳ ಕಿವಿಗೇ ಪಿಸುಗುಟ್ಟಿಕೊಂಡು ಮೂರು ಹೊತ್ತೂ ಹಾಡುತ್ತಿದ್ದೆ. “ಕೂಗಿ ಕೂಗಿ ಗಂಟ್ಲ ಹರೀತು, ಆ ದಾರ ತೆಗಿಯೇ ಕಿವಿಯಿಂದ” ಎಂದು ಅವಳ ತಾಯಿ ಕೊಟ್ರಮ್ಮ ಅಡುಗೆಮನೆಯಿಂದ ಬಂದು ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದಳು. ನನ್ನೊಳಗೆ ಅವಳ ನಂಬರು ‘ಅವ್ವ’ ಎಂಬ ಹೆಸರಿನಲ್ಲಿತ್ತು.

ಬಿಂದುವಿಗೆ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಹೊಸ ಫೋನ್ ಕೊಟ್ಟರು, ನಾನು ಹಳಬನಾದೆ. “ಚಿಗವ್ವ, ಇದು ನಿನಗೆ” ಎಂದು ಅವಳು ನನ್ನನ್ನು ದಾವಣಗೆರೆಯ ಚಿಕ್ಕಮ್ಮ ಹಾಲಮ್ಮನ ಕೈಗಿಟ್ಟಳು.

ಹಾಲಮ್ಮ ಕೊಟ್ರಮ್ಮನ ತಂಗಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಕುಪ್ಪಸ ಹೊಲಿಯುವವಳು. ಬಂದ ಹೊಸದರಲ್ಲಿ ಅವಳು ನನ್ನೊಳಗಿದ್ದ ‘ಅವ್ವ’ ಎಂಬ ಹೆಸರನ್ನು ಅಳಿಸಿ ‘ಅಕ್ಕ’ ಎಂದು ಬರೆಯಲು ಹೋದಳು, ಬೆರಳು ನಿಂತಿತು. “ಇರ್ಲಿ ಬಿಡು. ನನಗೂ ಅವ್ವನೇ ಅಲ್ವಾ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಹೆತ್ತ ತಾಯಿ ಹೋದ ಮೇಲೆ ಅವಳಿಗೆ ಜಡೆ ಹಾಕಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದ್ದು ಈ ಅಕ್ಕನೇ.

ಆಗೆಲ್ಲ ಅಕ್ಕತಂಗಿ ದಿನಾ ಮಾತಾಡುತ್ತಿದ್ದರು. ಸಾರಿಗೆ ಹಾಕಿದ ಉಪ್ಪಿನಿಂದ ಹಿಡಿದು ಎದುರುಮನೆಯವರ ಜಗಳದವರೆಗೆ ಎಲ್ಲ ನನ್ನ ಮೂಲಕವೇ ಹಾದುಹೋಗುತ್ತಿತ್ತು. ಆಮೇಲೆ ಬಿಂದುವಿನ ಮದುವೆ ಬಂತು. ಧಾರೆಯ ಕುಪ್ಪಸ ಹೊಲಿದದ್ದು ಹಾಲಮ್ಮ. ಅಳತೆ ತೆಗೆದದ್ದು ನಿಶ್ಚಿತಾರ್ಥದ ಹೊತ್ತಿಗೆ. ಮದುವೆಯಷ್ಟರಲ್ಲಿ ಹುಡುಗಿ ನೆಂಟರ ಮನೆಗಳ ಔತಣ ಉಂಡು ಮೈತುಂಬಿಕೊಂಡಿದ್ದಳು. ತಾಳಿ ಕಟ್ಟುವ ಹೊತ್ತಿಗೆ ಕೈಯೆತ್ತಿದಳು ನೋಡಿ, ತೋಳಿನ ಹೊಲಿಗೆ ಪರ್ರೆಂದು ಬಿಟ್ಟಿತು. ಬೀಗರ ಕಡೆ ಯಾರೋ ಕಿಸಕ್ಕೆಂದರು. ಕೊಟ್ರಮ್ಮನಿಗೆ ಎಲ್ಲಿಲ್ಲದ ಅವಮಾನ. “ಹೊರಗಿನ ಟೈಲರ್‌ಗೆ ಕೊಟ್ಟಿದ್ರೆ ಮರ್ಯಾದೆ ಉಳೀತಿತ್ತು” ಎಂದು ತುಂಬಿದ ಚಪ್ಪರದಲ್ಲಿ ಅಂದುಬಿಟ್ಟಳು. ಹಾಲಮ್ಮನ ಗಂಡ ತಿಪ್ಪೇಸ್ವಾಮಿ ಎದ್ದುನಿಂತು ನಾಲ್ಕು ಮಾತು ತಿರುಗಿಸಿ ಕೊಟ್ಟ. ಊಟಕ್ಕೂ ನಿಲ್ಲದೆ ಗಂಡ ಹೆಂಡತಿ ಬಸ್ಸು ಹತ್ತಿದರು.

ಅಂದಿನಿಂದ ‘ಅವ್ವ’ ಎಂಬ ಹೆಸರಿನಿಂದ ಒಂದು ಕರೆಯೂ ಬರಲಿಲ್ಲ. ಹಾಲಮ್ಮ ಕೆಲಸದ ನಡುವೆ ಒಮ್ಮೊಮ್ಮೆ ಆ ಹೆಸರು ತೆಗೆದು ನೋಡುವಳು. ಹೆಬ್ಬೆರಳು ಹತ್ತಿರ ಬರುವುದು, ನಿಲ್ಲುವುದು, ಹಿಂದೆ ಸರಿಯುವುದು. ನನ್ನದು ಮೊದಲೇ ಚಡಪಡಿಕೆಯ ಸ್ವಭಾವ. ಒತ್ತು ಮಾರಾಯ್ತಿ, ಒತ್ತು ಎಂದು ಒಳಗೇ ಬಿಸಿಯಾಗುತ್ತಿದ್ದೆ. ಅವಳು “ಯಾಕೋ ಸುಮ್ಸುಮ್ನೆ ಕಾಯ್ತೈತೆ ಇದು” ಎಂದು ನನ್ನನ್ನು ಫ್ಯಾನಿನ ಕೆಳಗೆ ಇಡುತ್ತಿದ್ದಳು. ಹೀಗೇ ಎರಡು ವರ್ಷ ಸವೆಯಿತು.

ಈಗ ತಿಪ್ಪೇಸ್ವಾಮಿಯ ವಿಷಯ ಹೇಳಬೇಕು. ಬಸ್ ಡಿಪೋದಲ್ಲಿ ದುಡಿದು ನಿವೃತ್ತನಾದವನು. ಪ್ರತಿ ಆಯುಧಪೂಜೆಗೂ ಸಾಲುಸಾಲು ಬಸ್ಸುಗಳಿಗೆ ಹೂ ಕಟ್ಟಿದ ಕೈ ಅದು. ನಿವೃತ್ತಿಯಾದ ಮೇಲೆ ಆ ಭಕ್ತಿಯೆಲ್ಲ ಮನೆಯ ಸಾಮಾನಿನ ಮೇಲೆ ಬಿತ್ತು. ಫ್ರಿಜ್ಜಿಗೆ ವಿಭೂತಿ, ಮಿಕ್ಸಿಗೆ ಕುಂಕುಮ, ಟಿವಿ ರಿಮೋಟಿಗೂ ಒಂದೆಸಳು ಹೂ. ಆ ವರ್ಷ ಮಣೆಯ ಮೇಲೆ ಕತ್ತರಿ, ಅಳತೆ ಟೇಪು, ಸೂಜಿ ಡಬ್ಬಿ ಜೋಡಿಸಿದವನು ನನ್ನನ್ನೂ ತಂದಿಟ್ಟ.

“ಅದ್ಯಾಕ್ರಿ? ಯಾರಾದ್ರೂ ಫೋನ್ ಮಾಡ್ತಾರೆ” ಎಂದಳು ಹಾಲಮ್ಮ.

“ಇದಿಲ್ದೆ ನಿನಗೆ ಒಂದು ಆರ್ಡರ್ ಬರ್ತೈತೇನು? ಇದೂ ಆಯುಧನೇ. ಪೂಜೆ ಆದ್ಮೇಲೆ ನಾಳೆ ಎತ್ತೋ ತನಕ ಯಾವುದನ್ನೂ ಮುಟ್ಟಂಗಿಲ್ಲ. ಅವಕ್ಕೂ ಒಂದಿನ ರಜ ಬೇಡ್ವಾ?”

ಕತ್ತರಿಯ ಮೇಲೆ ಹೂ ನಿಂತಿತು, ಟೇಪಿನ ಮೇಲೆ ನಿಂತಿತು. ನನ್ನ ಮೈ ನುಣುಪು, ಇಟ್ಟ ಸೇವಂತಿಗೆ ಜಾರಿ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಅವನಿಗೆ ಹಟ ಬಂತು. ಆಚೀಚೆ ತಿರುಗಿಸಿ ನೋಡಿದವನಿಗೆ ನನ್ನ ನೆತ್ತಿಯ ತೂತು ಕಂಡಿತು. “ಆಹಾ, ಹೂ ಸಿಗಿಸಾಕೆ ಜಾಗ ಮಾಡೇ ಇಟ್ಟಾರಲ್ಲ!” ಎಂದು ತೊಟ್ಟನ್ನು ಒಳಗೆ ತುರುಕಿದ. ಹಸಿ ತೊಟ್ಟು, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕಿವಿಯೊಳಗೆ ಏನೋ ಬಂತಲ್ಲ, ಕಲಿತ ಪಾಠ ಒಪ್ಪಿಸಿದೆ: ‘ಹೆಡ್‌ಫೋನ್ ಬಂತು.’ ಮುಖದ ಮೂಲೆಯಲ್ಲಿ ಹೆಡ್‌ಫೋನಿನ ಪುಟ್ಟ ಚಿತ್ರ ಮೂಡಿತು. ಊದುಬತ್ತಿಯ ಹೊಗೆಯಲ್ಲಿ ಅದನ್ನು ಯಾರು ನೋಡುತ್ತಾರೆ?

ಮಧ್ಯಾಹ್ನ ಊಟಕ್ಕೆ ಮೊದಲು ನಾನು ಬಡಿದುಕೊಂಡೆ. ಕಿವಿಯಲ್ಲಿ ಏನೇ ಇದ್ದರೂ ರಿಂಗ್ ಮಾತ್ರ ಹೊರಗೂ ಕೇಳಿಸುವುದು ನಮ್ಮ ಕುಲದ ಪದ್ಧತಿ. ಹೂರಣ ಮೆತ್ತಿದ ಕೈಯಲ್ಲೇ ಹಾಲಮ್ಮ ಬಂದು ಬಗ್ಗಿ ನೋಡಿದಳು. ‘ಅವ್ವ.’ ಮುಟ್ಟುವಂತಿಲ್ಲ ಎಂಬುದು ಮರೆತೇ ಹೋಯಿತು. ಕಿತ್ತುಕೊಂಡ ರಭಸಕ್ಕೆ ಹೂವಿನ ತಲೆ ಮುರಿದು ಮಣೆಯ ಕೆಳಗೆ ಉರುಳಿತು. ತೊಟ್ಟು ನನ್ನೊಳಗೇ ಉಳಿಯಿತು.

“ಹಾಲಮ್ಮಾ, ನಾನು ಕಣೇ” ಎಂದಳು ಆ ತುದಿಯಲ್ಲಿ ಕೊಟ್ರಮ್ಮ, ಒಂದೇ ಉಸಿರಿಗೆ. “ಬಿಂದು ಬಂದಾಳೆ, ಬಸುರಾಗಿ ಏಳು ತಿಂಗ್ಳಾತು. ಬರೋ ಶುಕ್ರವಾರ ಕುಬಸ ಇಟ್ಕಂಡೀವಿ. ಹಸಿರು ಕುಪ್ಪಸ ನೀನೇ ಹೊಲೀಬೇಕು. ಇನ್ಯಾರ ಕೈಲೂ ಬೇಡ ಅಂತಾಳೆ ಹುಡುಗಿ, ನನಗೂ ಬೇಡ. ನಾಳೆ ಬನ್ನಿ ಹಬ್ಬ. ಬಂದ್ಬಿಡೇ, ಬನ್ನಿ ತಗಂಡು ಬಂಗಾರದಂಗಿರಾನ.”

ಎರಡು ವರ್ಷದ ಮಾತು! ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿದೆ, ಸೇವಂತಿಗೆಯ ತೊಟ್ಟಿಗೆ. ಹಾಲಮ್ಮನಿಗೆ ಒಂದು ಚೂರೂ ಕೇಳಲಿಲ್ಲ. “ಅಕ್ಕಾ, ಅಕ್ಕಾ” ಎಂದು ಅವಳು ಕೂಗಿದ್ದೂ ಆಚೆ ಹೋಗಲಿಲ್ಲ. ಹೆಡ್‌ಫೋನ್ ಇದ್ದಾಗ ಮಾತೂ ಅದರ ಮೂಲಕವೇ ಬರಬೇಕಲ್ಲ, ನಾನು ತೊಟ್ಟು ಬಾಯಿಬಿಡಲಿ ಎಂದು ಕಾಯುತ್ತಿದ್ದೆ. ನನ್ನ ಹುಚ್ಚಿಗೆ ಏನೆನ್ನಲಿ! ಆ ಕಡೆ ಕೊಟ್ರಮ್ಮ ಸ್ವಲ್ಪ ಹೊತ್ತು ಕಾದಳು. “ಎತ್ತಿ ಸುಮ್ನೆ ಕುಂತೀಯಲ್ಲೇ. ಇನ್ನೂ ಸಿಟ್ಟು ಹೋಗಿಲ್ವಾ?” ಎಂದಳು. ದನಿ ಸಣ್ಣದಾಗಿತ್ತು. ಇಟ್ಟುಬಿಟ್ಟಳು.

ಹಾಲಮ್ಮ ಕೂಡಲೇ ತಿರುಗಿ ಮಾಡಿದಳು. ಈ ಸಲ ಸ್ಪೀಕರ್ ಒತ್ತಿದ್ದರಿಂದ ಅಕ್ಕನ ದನಿ ಕೋಣೆಯ ತುಂಬ ಕೇಳಿತು. ತಂಗಿಯ ದನಿ ಮಾತ್ರ ನನ್ನಿಂದ ದಾಟಲಿಲ್ಲ, ಅದಕ್ಕೆ ನಾನಿನ್ನೂ ತೊಟ್ಟಿನ ಬಾಯನ್ನೇ ಕಾಯುತ್ತಿದ್ದೆ. “ಹಲೋ… ಹಲೋ… ಏನೇ ಇದು, ಫೋನ್ ಮಾಡಿ ಬಾಯಿ ಮುಚ್ಕಂಡು ಅಣಕಿಸ್ತೀಯೇನು? ನಾನೇ ಮೇಲೆ ಬಿದ್ದು ಕುಬಸಕ್ಕೆ ಕರೆದೆ, ಬನ್ನಿಗೆ ಬಾ ಅಂದೆ. ಬರಬೇಡ ಹೋಗು. ಕುಪ್ಪಸ ಬೇರೆ ಕಡೆ ಕೊಡ್ತೀನಿ.”

ಆಮೇಲೆ ಹಾಲಮ್ಮ ಎಷ್ಟು ಸಲ ಮಾಡಿದರೂ ಕೊಟ್ರಮ್ಮ ಎತ್ತಲಿಲ್ಲ. ತಿಪ್ಪೇಸ್ವಾಮಿ ತನ್ನ ಫೋನಿಂದ ಮಾಡಿದ, ಚಪ್ಪರದಲ್ಲಿ ಬಾಯಿ ಮಾಡಿದವನ ನಂಬರ್ ಎಂದು ಗೊತ್ತಾಗಿ ಒಂದೇ ರಿಂಗಿಗೆ ಕತ್ತರಿಸಿದಳು.

ಶುರುವಾಯಿತು ನನ್ನ ಚಿಕಿತ್ಸೆ. ಆರಿಸಿ ಹಚ್ಚಿದರು. ದನಿಯ ಗುಂಡಿ ಒತ್ತಿ ಒತ್ತಿ ತುದಿ ಮುಟ್ಟಿಸಿದರು. ಹಳೆಯ ಇಯರ್‌ಫೋನ್ ಹುಡುಕಿ ತಂದು ಚುಚ್ಚಲು ನೋಡಿದರು, ಅದು ಅರ್ಧಕ್ಕೆ ನಿಂತು ತೊಟ್ಟನ್ನು ಇನ್ನಷ್ಟು ಒಳಗೆ ದಬ್ಬಿತು. ಉಫ್ ಉಫ್ ಎಂದು ಊದಿದರು. ತಿಪ್ಪೇಸ್ವಾಮಿ ನನ್ನನ್ನು ಅಕ್ಕಿ ಡಬ್ಬಿಯಲ್ಲಿ ಹೂತ. “ನೀರಿಗೆ ಬಿದ್ದಿಲ್ರಿ ಅದು!” ಎಂದು ಹಾಲಮ್ಮ ಕಿತ್ತು ತೆಗೆದಳು. ಕೊನೆಗೆ ಮೊಬೈಲ್ ರಿಪೇರಿ ಅಂಗಡಿಗೆ ಓಡಿದರು. ಅಂಗಡಿಯವನೂ ಸ್ಕ್ರೂಡ್ರೈವರುಗಳಿಗೆ ಹೂ ಮುಡಿಸಿ ಪ್ರಸಾದ ಹಂಚುತ್ತಿದ್ದ. “ಪೂಜೆ ಮಾಡಿದ ಟೂಲು, ಇವತ್ತು ಮುಟ್ಟಂಗಿಲ್ರಿ. ನಾಳೆ ಸಂಜೆ ಬರ್ರಿ” ಎಂದು ಮಂಡಕ್ಕಿ ಪೊಟ್ಟಣ ಕೈಗಿಟ್ಟ.

ನಾಳೆ ಸಂಜೆಯಷ್ಟರಲ್ಲಿ ಬನ್ನಿ ಮುಗಿದಿರುತ್ತದೆ, ಕುಪ್ಪಸದ ಬಟ್ಟೆ ಇನ್ನೊಬ್ಬರ ಕತ್ತರಿಗೆ ಸಿಕ್ಕಿರುತ್ತದೆ. ಮನೆಗೆ ಬಂದ ಹಾಲಮ್ಮ ಮಣೆಯ ಮುಂದೆ ಕುಸಿದು ಕೂತಳು. ಕಣ್ಣಿಗೆ ಆ ಮುರಿದ ಹೂ ಬಿತ್ತು. ಎತ್ತಿಕೊಂಡು ತಿರುಗಿಸಿ ನೋಡಿದಳು.

“ರೀ, ಇದರ ತೊಟ್ಟೆಲ್ಲಿ?”

ತಿಪ್ಪೇಸ್ವಾಮಿ ಹೂವನ್ನು ನೋಡಿದ, ನನ್ನನ್ನು ನೋಡಿದ, ತಲೆ ಕೆರೆದುಕೊಂಡ. “ಜಾರಿ ಜಾರಿ ಬೀಳ್ತಿತ್ತು ಕಣೇ… ಅದ್ರಾಗೆ ಸಿಗಿಸಿದ್ದೆ.”

ಬೈಯಲೂ ಅವಳಿಗೆ ಪುರುಸೊತ್ತಿರಲಿಲ್ಲ. ಸೂಜಿ ಡಬ್ಬಿಗೆ ಕೈ ಹಾಕಿದಳು. “ಏ, ಪೂಜೆ ಮಾಡಿದ್ದು! ಇವತ್ತು ಮುಟ್ಟಬಾರ್ದು!” ಎಂದು ಅವನು ಗಾಬರಿಯಾದ. “ನನ್ನ ಸೂಜಿಗೆ ನನ್ನ ಸಂಕಟ ಗೊತ್ತಾಗಲ್ವೇನ್ರಿ” ಎಂದವಳೇ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, ಒಂದು ಸೂಜಿ ತೆಗೆದಳು. ನನ್ನನ್ನು ಆರಿಸಿ ಬೆಳಕಿಗೆ ಹಿಡಿದು, ಕೆಟ್ಟ ಹೊಲಿಗೆ ಬಿಚ್ಚುವಂತೆ ತೊಟ್ಟನ್ನು ಎಳೆ ಎಳೆಯಾಗಿ ಎಬ್ಬಿಸಿದಳು. ನೋವಾಯಿತು, ನಿಜ ಹೇಳುತ್ತೇನೆ. ಆದರೆ ಎಂದೂ ಅಷ್ಟು ಸುಖವೂ ಆಗಿರಲಿಲ್ಲ. ಮತ್ತೆ ಹಚ್ಚಿದಾಗ ಹೆಡ್‌ಫೋನಿನ ಚಿತ್ರ ಹೋಗಿತ್ತು. ದನಿ ತುದಿಗೇರಿಸಿದ್ದರಿಂದ ನಾನು ಮನೆ ಹಾರುವಂತೆ ಕಿರುಚಿಕೊಂಡೇ ಎದ್ದೆ.

ಅಕ್ಕನಿಗೆ ಮಾಡಿದಳು. ಎತ್ತಲಿಲ್ಲ. ಬಾಯಿ ಬಂದ ಮೇಲೆ ಕೇಳುವವರಿಲ್ಲ. ನನಗೆ ಅಳು ಬಂತು. ಅಳಲು ನನ್ನಲ್ಲಿ ಸಲಕರಣೆ ಇಲ್ಲ. ಹಾಲಮ್ಮ ನನ್ನನ್ನು, ಆ ಹೂವನ್ನು, ಸಿಗುರಿದ ತೊಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಊಟವನ್ನೂ ಮಾಡಿರಲಿಲ್ಲ. ದಾರಿಯುದ್ದಕ್ಕೂ ಅವಳ ಬೆರಳು ನನ್ನ ಮೇಲೆ ತಾಳ ಹಾಕುತ್ತಿತ್ತು. ಬಸ್ಸು ಸಿಕ್ಕಸಿಕ್ಕಲ್ಲಿ ನಿಂತಾಗೆಲ್ಲ ನಾವಿಬ್ಬರೂ ಡ್ರೈವರನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆವು.

ಬಾಗಿಲು ತೆಗೆದದ್ದು ಕೊಟ್ರಮ್ಮನೇ. ಬಾಗಿಲಿಗೆ ಅಡ್ಡವಾಗಿ ನಿಂತಳು. ಹಾಲಮ್ಮನಿಗೆ ಮಾತು ಹೊರಡಲಿಲ್ಲ. ಈಗ ಅವಳ ಗಂಟಲಲ್ಲಿ ಯಾವ ತೊಟ್ಟು ಸಿಕ್ಕಿತ್ತೋ! ಯಾರಾದರೂ ಒಬ್ಬರು ಬಾಯಿಬಿಡಿ ಎಂದು ನಾನು ಒದ್ದಾಡಿದೆ. ಕೊನೆಗೆ ಹಾಲಮ್ಮ ಕರವಸ್ತ್ರ ಬಿಚ್ಚಿ ಅಂಗೈ ಚಾಚಿದಳು.

“ಏನೇ ಇದು, ಬಾಡಿದ ಹೂವು?”

“ನಿನ್ನ ತಂಗಿ ಗಂಡನ ಭಕ್ತಿ, ಅಕ್ಕ. ಫೋನಿನ ಕಿವಿಗೆ ಹೂ ಮುಡಿಸಿದ್ರು. ನಾನು ಕೂಗಿದ್ದು ಒಂದೂ ನಿನಗೆ ಮುಟ್ಲಿಲ್ಲ.”

ಕೊಟ್ರಮ್ಮ ತೊಟ್ಟು ನೋಡಿದಳು, ನನ್ನ ತೂತು ನೋಡಿದಳು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಆ ಸೆರಗಿನಲ್ಲೇ ಕಣ್ಣೂ ಒರೆಸಿಕೊಂಡಳು. “ಬಸ್ಸಿನವನ ಬುದ್ಧಿ ಬಸ್ಸಿನಷ್ಟೇ” ಎಂದಳು. ಆಮೇಲೆ ಬೇರೆ ಕಡೆ ನೋಡುತ್ತ ಕೇಳಿದಳು: “ಟೇಪ್ ತಂದೀಯಾ?”

ಟೇಪು ಪೂಜೆಯಲ್ಲಿತ್ತು. ಹಾಲಮ್ಮ ಒಳಗೆ ಹೋಗಿ, ಮಂಚದ ಮೇಲಿದ್ದ ಬಿಂದುವನ್ನು ಎಬ್ಬಿಸಿ ನಿಲ್ಲಿಸಿ, ಗೇಣು ಹಾಕಿ ಅಳತೆ ತೆಗೆದಳು. ತೋಳಿನ ಹತ್ತಿರ ಬಂದಾಗ ಕೈ ನಿಂತಿತು. “ಇಲ್ಲಿ ಎರಡು ಬೆರಳು ಸಡಿಲ ಬಿಡ್ತೀನಿ, ಅಕ್ಕ” ಎಂದಳು. “ಬಿಡು. ಅವತ್ತು ನಾನೂ ಸ್ವಲ್ಪ ಸಡಿಲ ಬಿಡಬೇಕಿತ್ತು” ಎಂದಳು ಕೊಟ್ರಮ್ಮ.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿ ಉಬ್ಬಿತೆಂದು ತೆಗೆದುಹಾಕಿದ್ದಾರೆ, ಹೊಸ ಫೋನಿಗೆ ಕಿವಿಯ ತೂತೇ ಇಲ್ಲವಂತೆ. ನನ್ನ ವಾಸ ಹೊಲಿಗೆ ಮಿಷನ್ನಿನ ಖಾನೆಯಲ್ಲಿ, ಗುಂಡಿ, ಹುಕ್ಕುಗಳ ನಡುವೆ. ಚಡಪಡಿಕೆ ಮಾತ್ರ ಹೋಗಿಲ್ಲ. ಮೇಲೆ ಮಿಷನ್ ಓಡುವಾಗ, ಅಕ್ಕತಂಗಿ ಹೊಸ ಫೋನಿನಲ್ಲಿ ಮಾತಾಡುತ್ತ ಒಮ್ಮೆ ಸುಮ್ಮನಾದರೆ ಸಾಕು, ನನ್ನ ಜೀವ ಹಾರುತ್ತದೆ. ಎಲ್ಲಿ ಏನು ಸಿಕ್ಕಿಕೊಂಡಿತೋ, ಯಾರಾದರೂ ನೋಡಿ ಎನ್ನಿಸುತ್ತದೆ.

ಆಯುಧಪೂಜೆಗೆ ನನ್ನನ್ನು ಇವತ್ತಿಗೂ ಹೊರಗೆ ತೆಗೆದು ಮಣೆಯ ಮೇಲೆ ಇಡುತ್ತಾರೆ. ಈ ಸಲ ಪೂಜೆಗೆ ಕೊಟ್ರಮ್ಮನೂ ಬಂದಿದ್ದಳು. ಹೂ ಇಟ್ಟವಳು ಅವಳೇ. ಜಾರಿ ಬಿತ್ತು. ತಿಪ್ಪೇಸ್ವಾಮಿಯ ಕೈ ಅಭ್ಯಾಸಬಲದಿಂದ ನನ್ನ ನೆತ್ತಿಯ ಕಡೆ ಬಂತು, ಅಕ್ಕತಂಗಿ ಇಬ್ಬರೂ ಒಟ್ಟಿಗೇ “ಏಯ್!” ಎಂದರು. ಕೊಟ್ರಮ್ಮ ಹೂ ಎತ್ತಿ ಮತ್ತೆ ಇಟ್ಟಳು. ಮತ್ತೆ ಬಿತ್ತು. “ಬೀಳ್ಲಿ ಬಿಡು, ಇಡಾಕೆ ನಾವಿದೀವಲ್ಲ” ಎಂದು ನನ್ನ ಪಕ್ಕದಲ್ಲೇ ಕೂತು ಮತ್ತೊಮ್ಮೆ ಇಟ್ಟಳು.