ಪಿಎಫ್ ಆಸೆಗೆ ರಾಜೀನಾಮೆ ಕೊಡುವ ಮುನ್ನ

ಶಿರಾದ ಗಾರ್ಮೆಂಟ್ಸ್ ಮುಚ್ಚುತ್ತಾರಂತೆ ಎಂಬ ಸುದ್ದಿ ಬರಗೂರಿನಿಂದ ಕೆಲಸದವರನ್ನು ಒಯ್ಯುವ ವ್ಯಾನಿನಲ್ಲಿ ಹಬ್ಬಿದ ದಿನದಿಂದ ಜುಂಜಮ್ಮನಿಗೆ ಉಂಡ ಅನ್ನ ಮೈಗೆ ಹತ್ತಿಲ್ಲ. ಆರು ವರ್ಷದಿಂದ ಅಲ್ಲಿ ಅಂಗಿಯ ಕಾಲರ್ ಹೊಲಿಯುವವಳು ಅವಳು. ಗಂಡ ಕ್ಯಾತಪ್ಪ ಕುರಿ ಕಾಯುತ್ತಾನೆ. ಮನೆ ನಡೆಯುವುದು ಅವಳ ಸಂಬಳದಿಂದಲೇ.

ಸೂಪರ್‌ವೈಸರ್ ರೇಣುಕಪ್ರಸಾದ್ ಒಂದು ದಿನ ಎಲ್ಲರನ್ನೂ ನಿಲ್ಲಿಸಿ ಹೇಳಿದ. ಸೋಮವಾರದಿಂದ ಕೆಲಸ ಬೆಂಗಳೂರಿನ ಫ್ಯಾಕ್ಟರಿಯಲ್ಲಿ. ಬರಲಾಗದವರು ನಾಳೆಯೇ ರಾಜೀನಾಮೆಗೆ ಸಹಿ ಹಾಕಿ ಪಿಎಫ್ ಬಿಡಿಸಿಕೊಳ್ಳಲಿ. ಮಕ್ಕಳನ್ನೂ ಮನೆಯನ್ನೂ ಬಿಟ್ಟು ಬೆಂಗಳೂರಿಗೆ ಹೋಗುವವರು ಯಾರು?

ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ರಾಜೀನಾಮೆ ಎಂದರೆ ಭಯವೇ ಇಲ್ಲ. ಮದುವೆ ಬಂದರೆ, ಮನೆಗೆ ತಾರಸಿ ಹಾಕಿಸಬೇಕಾದರೆ ರಾಜೀನಾಮೆ ಕೊಟ್ಟು ಪಿಎಫ್ ತೆಗೆದು, ಮತ್ತೆ ಹೊಸಬರಂತೆ ಸೇರುತ್ತಾರೆ. ಹಾಗಾಗಿ ಈ ಸಹಿಯೂ ಜುಂಜಮ್ಮನಿಗೆ ದೊಡ್ಡದೆನಿಸಲಿಲ್ಲ. ಕ್ಯಾತಪ್ಪನಿಗಂತೂ ಆತುರ.

"ಹಾಕ್ಬುಡು ಕಣಮ್ಮಿ. ಕಂಪ್ನಿ ಮುಳುಗಿದ್ರೆ ಪಿಎಫ್ ದುಡ್ಡೂ ಮುಳುಗೋಯ್ತದೆ."

ಆ ಸಂಜೆ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ವನಜಾಕ್ಷಿಯ ಕಿವಿಗೆ ಇದು ಬಿತ್ತು. ಹಿಂದೆ ಅದೇ ಫ್ಯಾಕ್ಟರಿಯಲ್ಲಿ ಹೊಲಿದವಳು, ಈಗ ಕಾರ್ಮಿಕ ಸಂಘದಲ್ಲಿ ಓಡಾಡುವವಳು. ಅವಳು ಮೊಸರು ಮರೆತು ಅಲ್ಲೇ ಕುಳಿತಳು.

"ಕಟ್ಟಿರೋ ಪಿಎಫ್ ಕಂಪ್ನಿ ಪೆಟ್ಟಿಗೇಲಿಲ್ಲ ಕಣಣ್ಣ, ಪಿಎಫ್ ಆಫೀಸ್ನಲ್ಲಿ ಅದೆ. ಅದೆಲ್ಲೂ ಹೋಗಕಿಲ್ಲ. ಆದ್ರೆ ಜುಂಜಮ್ಮ, ನಾನಾಗೇ ಬುಟ್ಟೆ ಅಂತ ನೀನೇ ಬರ್ಕೊಟ್ರೆ, ಕಂಪ್ನಿ ಕಳಿಸ್ತು ಅಂತ ನಾಳೆ ಎಲ್ಲೋಗಿ ಕೇಳ್ತೀಯ?"

ಕಂಪನಿಯೇ ಕೆಲಸದಿಂದ ತೆಗೆದರೆ ಮುಂಚೆ ನೋಟಿಸ್ ಕೊಡಬೇಕು, ದುಡಿದ ವರ್ಷಗಳಿಗೆ ತಕ್ಕ ಪರಿಹಾರ ಕೊಡಬೇಕು, ಐದು ವರ್ಷ ತುಂಬಿದವರಿಗೆ ಹೇಗಿದ್ದರೂ ಸಿಗುವ ಗ್ರಾಚ್ಯುಟಿ ಎಂಬ ಸೇವಾ ಹಣ ಬೇರೆ ಎಂದು ಬಿಡಿಸಿ ಹೇಳಿದಳು. ಜುಂಜಮ್ಮನ ಜೊತೆ ಹೊಲಿಯುವ ಮಂಗಳಾ ಮಗಳ ಮದುವೆಗೆಂದು ನಾಲ್ಕನೇ ವರ್ಷಕ್ಕೆ ರಾಜೀನಾಮೆ ಕೊಟ್ಟು ಮತ್ತೆ ಸೇರಿದಾಗ ಆ ಐದು ವರ್ಷದ ಲೆಕ್ಕ ಮೊದಲಿನಿಂದ ಶುರುವಾಗಿದ್ದನ್ನೂ ನೆನಪಿಸಿದಳು.

ಸಹಿ ಹಾಕದಿದ್ದರೆ ಗೇಟಿನಿಂದಲೇ ಅಟ್ಟಿಬಿಟ್ಟರೆ ಎಂದು ಕ್ಯಾತಪ್ಪ ಕೇಳಿದ. ವನಜಾಕ್ಷಿ ಸುಳ್ಳು ಧೈರ್ಯ ಹೇಳಲಿಲ್ಲ.

"ಅಟ್ಟುದ್ರೂ ಅಟ್ಟಬೋದು. ಅದ್ಕೇ ಒಬ್ಬಳೇ ಹೋಗ್ಬ್ಯಾಡ. ವ್ಯಾನಲ್ಲಿ ಎಲ್ರಿಗೂ ಹೇಳು."

ಬೆಳಿಗ್ಗೆ ವ್ಯಾನು ಶಿರಾ ತಲುಪುವವರೆಗೂ ಜುಂಜಮ್ಮ ಎಲ್ಲರಿಗೂ ವನಜಾಕ್ಷಿಯ ಮಾತನ್ನೇ ಮತ್ತೆ ಮತ್ತೆ ಹೇಳಿದಳು. ರೇಣುಕಪ್ರಸಾದನ ಮೇಜಿನ ಮುಂದೆ ಮೊದಲು ನಿಂತವಳೂ ಅವಳೇ. ಅವನು ಪೆನ್ನು ಚಾಚಿದ. ಜುಂಜಮ್ಮ ಅದನ್ನು ಮುಟ್ಟಲಿಲ್ಲ.

"ನಾವಾಗೇ ಕೆಲ್ಸ ಬುಡ್ತಿಲ್ಲ ಸಾ. ನೀವು ಕಳಿಸ್ತಿದ್ರೆ, ಅಂಗಂತ ನೀವೇ ಬರ್ದುಕೊಡಿ."

ಅವನು ಜುಂಜಮ್ಮನ ಹಿಂದೆ ನಿಂತಿದ್ದ ಮಂಗಳಾಗೆ ಪೆನ್ನು ಕೊಡಹೋದ. ಅವಳು ಕೈ ಕಟ್ಟಿಕೊಂಡಳು. ಅವಳ ಹಿಂದಿನವಳೂ ಕೈ ಕಟ್ಟಿದಳು. ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಅವನು ಎದ್ದುಹೋದ. ಸೋಮವಾರ ಏನಾಗುತ್ತದೋ ಜುಂಜಮ್ಮನಿಗೆ ತಿಳಿಯದು, ಅಂಜಿಕೆಯೂ ಹೋಗಿಲ್ಲ. ಆರು ವರ್ಷದ ಹಕ್ಕು ಮಾತ್ರ ಕೈಯಲ್ಲೇ ಉಳಿದಿದೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇಂಥ ಕಾಗದ ನಿಮ್ಮ ಮುಂದೆಯೂ ಬಂದೀತು. ಆತುರಪಡಬೇಡಿ, ಓದಿಸಿ ಕೇಳಿ. ಸಂಬಳದ ಚೀಟಿ ಜೋಪಾನವಾಗಿಡಿ. ಕಾರ್ಮಿಕ ಇಲಾಖೆಯಲ್ಲೋ, ತಾಲ್ಲೂಕು ಕೋರ್ಟಿನ ಉಚಿತ ಕಾನೂನು ನೆರವಿನಲ್ಲೋ ವಿಚಾರಿಸಿ. ಕಳಿಸುತ್ತಿರುವವರು ಕಂಪನಿಯವರು. ಬಿಟ್ಟೆ ಎಂದು ನೀವು ಬರೆದುಕೊಡಬೇಡಿ.