ಫುಬಾ ಕೂತ ಜಾಗ

ಆ ತಿಂಗಳು ಫುಬಾ ಮೂರು ಸಲ ತಪ್ಪು ಜಾಗದಲ್ಲಿ ಕೂತಿತು. ನಗರ ಕಾವಲು ಪಡೆಯ ನಾಯಿ ಚೀಲದ ಮುಂದೆ ಕೂತರೆ ಒಳಗೆ ಗಾಂಜಾನೋ ಕೊಕೇನೋ ಇದೆ ಎಂದರ್ಥ. ಬೊಗಳುವುದಿಲ್ಲ, ಕಚ್ಚುವುದಿಲ್ಲ, ತೆಪ್ಪಗೆ ಕೂತು ಬಹುಮಾನದ ಚೆಂಡಿಗೆ ಕಾಯುತ್ತದೆ. ಮೂರು ಸಲವೂ ಸಿಕ್ಕಿದ್ದು ಬರೀ ಬಟ್ಟೆಬರೆ. ಕೊನೆಯದು ಉತ್ತರದ ಕಡೆಯಿಂದ ಕಬ್ಬು ಕಡಿಯಲು ಬಂದಿದ್ದ ಮುದುಕನ ಚೀಲ. ಬಸ್ ನಿಲ್ದಾಣದ ನಟ್ಟನಡುವೆ ಅವನ ಒಳಚಡ್ಡಿ, ಬೆಲ್ಲದ ಅಚ್ಚು, ಮೊಮ್ಮಗಳಿಗೆ ಕೊಂಡ ಗೊಂಬೆ ಎಲ್ಲವನ್ನೂ ಹರವಿ ನೋಡಿದ್ದಾಯಿತು. "ಸಿಕ್ತೇನಮ್ಮಾ?" ಎಂದವನು ಉತ್ತರಕ್ಕೆ ಕಾಯದೆ ಒಂದೊಂದನ್ನೇ ಮಡಚಿಟ್ಟುಕೊಂಡ. ಅಷ್ಟರಲ್ಲಿ ಅವನ ಬಸ್ಸು ಹೋಗಿಬಿಟ್ಟಿತ್ತು.

ನಾಯಿ ಹಿಡಿದಿದ್ದವಳು ಇವೋನೆಟೆ. ಫುಬಾ ಎಂದರೆ ಅವರ ಮಾತಿನಲ್ಲಿ ಮೆಕ್ಕೆಜೋಳದ ಹಳದಿ ಹಿಟ್ಟು. ಮರಿಯ ಬಣ್ಣ ನೋಡಿ ಅವಳೇ ಇಟ್ಟ ಹೆಸರು. ಐದು ವರ್ಷ ಅದಕ್ಕೆ ಕಲಿಸಿದ್ದೂ ಅವಳೇ, ಉಣ್ಣಿ ಕಿತ್ತಿದ್ದೂ ಅವಳೇ.

ಇನ್‌ಸ್ಪೆಕ್ಟರ್ ಅದಾಲ್ಟೊ ಕಾಫಿ ಬಗ್ಗಿಸಿಕೊಳ್ಳುತ್ತ ಹೇಳಿದ, "ಮೂಗು ಹೋಗಿದೆ ಕಣಮ್ಮಾ. ನಾಳೆ ಒಂದು ಪರೀಕ್ಷೆ ಮಾಡಿ, ಕೆಲಸಕ್ಕೆ ಬರಲ್ಲ ಅಂತ ಬರೆದುಬಿಡ್ತೀನಿ. ನಿಯಮದ ಪ್ರಕಾರ ನಾಯಿ ನಿನಗೇ. ಮನೆಗೆ ಕರ್ಕೊಂಡು ಹೋಗು, ಮಗಳು ಕುಣೀತಾಳೆ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಇವೋನೆಟೆ ಆ ರಾತ್ರಿಯೇ ನಾಯಿಗೆಂದು ಮನೆಯಂಗಳದ ಮೂಲೆ ಗುಡಿಸಿದಳು.

ಮರುದಿನ ಹತ್ತು ಡಬ್ಬ ಸಾಲಾಗಿ ಇಟ್ಟರು. ಮಾಲು ಅಡಗಿಸುವ ಕೆಲಸ ಹೊಸದಾಗಿ ಸೇರಿದ್ದ ಡೆನಿಲ್ಸನ್‌ದು. ಎಲ್ಲಿಟ್ಟ ಎಂದು ನಾಯಿ ನಡೆಸುವವರಿಗೆ ತಿಳಿಯಬಾರದು. ಮೊದಲ ಸುತ್ತಿನಲ್ಲಿ ಫುಬಾ ಹಗ್ಗ ಜಗ್ಗುತ್ತ ಹೋಗಿ ಏಳನೆಯದರ ಮುಂದೆ ಕೂತಿತು. ಸರಿಯಾಗಿತ್ತು.

ಎರಡನೇ ಸುತ್ತಿಗೆ ಮುಂಚೆ ಡೆನಿಲ್ಸನ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ, "ಅಕ್ಕಾ, ನಾಲ್ಕನೇದು. ಸಾಹೇಬ್ರಿಗೆ ಹೇಳ್ಬೇಡ."

ನಾಲ್ಕನೆಯ ಡಬ್ಬದ ಹತ್ತಿರ ಅವಳ ಕಾಲು ಅರ್ಧ ಹೆಜ್ಜೆ ನಿಧಾನವಾಯಿತು. ಫುಬಾ ಮೂಸುವುದನ್ನು ಬಿಟ್ಟು ಅವಳ ಮುಖ ನೋಡಿತು. ಕೂತಿತು.

ಡಬ್ಬ ಖಾಲಿ.

"ತಮಾಷೆ ಮಾಡ್ದೆ ಅಕ್ಕಾ, ಈ ಸಲ ಏನೂ ಇಟ್ಟೇ ಇಲ್ಲ!" ಎಂದು ಅವನು ಮೆಲ್ಲಗೆ ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

ದೂರದಲ್ಲಿ ಕೂತಿದ್ದ ಅದಾಲ್ಟೊಗೆ ಇದೊಂದೂ ಕೇಳಿಸಿರಲಿಲ್ಲ. "ಒಂದು ಸರಿ, ಒಂದು ತಪ್ಪು. ಸಾಕು," ಎಂದು ಪೆನ್ನು ತೆಗೆದ.

ಬಾಯಿ ಮುಚ್ಚಿಕೊಂಡಿದ್ದರೆ ನಾಯಿ ಅವಳದಾಗುತ್ತಿತ್ತು. ಆದರೆ ಸುಮ್ಮನೆ ಚೀಲ ಬಿಚ್ಚಿಸಿಕೊಂಡ ಆ ಮೂವರು ಪ್ರಯಾಣಿಕರು ಕಣ್ಣ ಮುಂದೆ ಬಂದರು. ಮೂವರದೂ ಸವೆದ ರಬ್ಬರ್ ಚಪ್ಪಲಿ, ಹಗ್ಗ ಬಿಗಿದ ಚೀಲ. ಮೂವರ ಹತ್ತಿರವೂ ಅವಳ ಕಾಲು ನಿಧಾನವಾಗಿತ್ತು. ಅವಳ ಅಪ್ಪನೂ ಅಂಥದೇ ಚಪ್ಪಲಿ ಮೆಟ್ಟಿಕೊಂಡು ಕಬ್ಬು ಕಡಿಯಲು ಬಂದವನು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಬರೀಬೇಡಿ ಸರ್. ನಾಯಿ ಮೂಗು ಚೆನ್ನಾಗೇ ಇದೆ. ನಾನು ಯಾರನ್ನ ಕಳ್ಳ ಅಂದ್ಕೋತೀನೋ ಅವರ ಮುಂದೆ ಕೂರುತ್ತೆ ಅಷ್ಟೆ."

ಅದಾಲ್ಟೊ ಪೆನ್ನು ಕೆಳಗಿಟ್ಟ. "ಹಾಗೆ ಬರೆದ್ರೆ ನಾಯಿ ಇಲ್ಲೇ ಉಳಿಯುತ್ತೆ, ನೀನು ನಾಯಿ ದಳದಿಂದ ಹೊರಗೆ. ಮನೆಗೂ ಸಿಗಲ್ಲ. ಗೊತ್ತು ತಾನೇ?"

"ಗೊತ್ತು. ಬೇಗ ಬರೀರಿ ಸರ್, ನನ್ನ ಮನಸ್ಸು ಬದಲಾಗೋದ್ರೊಳಗೆ."

ಸೋಮವಾರ ಅವಳನ್ನು ಸಂತೆಕಟ್ಟೆಯ ಗೇಟಿನ ಕಾವಲಿಗೆ ಹಾಕಿದರು. ಹೊರಡುವ ಮುಂಚೆ ಹಗ್ಗವನ್ನು ಡೆನಿಲ್ಸನ್ ಕೈಗೆ ಕೊಟ್ಟಳು. "ಒಂದೇ ಸಮ ನಡೀಬೇಕು. ಯಾರ ಮುಖಾನೂ ನೋಡ್ಬೇಡ. ಕಾಲಂತೂ ನೋಡ್ಲೇಬೇಡ."

"ಆಯ್ತಕ್ಕಾ," ಎಂದ ಅವನು, ತಲೆ ತಗ್ಗಿಸಿ.

ನಾಯಿಯೊಂದಿಗೆ ಠಾಣೆಯ ಅಂಗಳ ದಾಟುವಾಗ ಯಾಕೋ ಒಮ್ಮೆ ನಿಂತ. ಫುಬಾ ಮುಖವೆತ್ತಿ ಅವನನ್ನು ನೋಡಿತು, ಐದು ವರ್ಷ ಇವಳನ್ನು ನೋಡಿದ ಹಾಗೆಯೇ. ಇವೋನೆಟೆಗೆ ಹೊಟ್ಟೆ ಉರಿಯಿತು.

"ನಡೀತಾ ಇರೋ!" ಎಂದು ಕೂಗಿದಳು.