ಒಗ್ಗರಣೆ ಬಿದ್ದ ಪ್ರಯೋಗ

ಹರಿಹರದ ಆ ಡಿಗ್ರಿ ಕಾಲೇಜಿನಲ್ಲಿ ಜೀವಶಾಸ್ತ್ರದವರು ಲೆಕ್ಕ ಕಂಡರೆ ಓಡುತ್ತಿದ್ದರು, ಗಣಿತದವರು ಜಿರಳೆ ಕಂಡರೆ ಓಡುತ್ತಿದ್ದರು. ಇಬ್ಬರನ್ನೂ ಒಂದೇ ಬೆಂಚಿಗೆ ತಂದು ‘ಗಣಿತ ಜೀವಶಾಸ್ತ್ರ’ ಎಂಬ ಹೊಸ ಪೇಪರ್ ಶುರು ಮಾಡಿದವಳು ನಿಟ್ಟುವಳ್ಳಿಯ ಉಪನ್ಯಾಸಕಿ ಯಶೋದಾ. ಅದು ಮುಂದಿನ ವರ್ಷ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ವಿಶ್ವವಿದ್ಯಾಲಯದ ಅಶ್ವಥ್ ಸರ್ ಇವತ್ತು ದಾವಣಗೆರೆಯಿಂದ ಬರುವವರಿದ್ದರು.

ಕೆರೆಯ ಮೀನನ್ನೆಲ್ಲ ಹಿಡಿಯದೆ ಎಣಿಸುವುದು ಹೇಗೆ? ಕೆಲವಕ್ಕೆ ಗುರುತು ಹಾಕಿ ಬಿಡಬೇಕು. ಮತ್ತೆ ಬಲೆ ಬೀಸಿದಾಗ ಗುರುತಿನವು ಎಷ್ಟು ಸಿಕ್ಕವು ಅಂತ ನೋಡಿ ಲೆಕ್ಕ ಕಟ್ಟಬೇಕು. ಯಶೋದಾ ಮೀನಿನ ಬದಲು ಒಂದು ಬುಟ್ಟಿ ಮಂಡಕ್ಕಿ ತರಿಸಿದಳು. ಎರಡು ಹಿಡಿಗೆ ಅರಿಶಿನ ಬಳಿದು ಅದರಲ್ಲೇ ಕಲಸಿಟ್ಟು, ಸರ್ ಅವರನ್ನು ಕರೆತರಲು ಗೇಟಿಗೆ ಹೋದಳು.

ಬರುವಷ್ಟರಲ್ಲಿ ಲ್ಯಾಬಿನ ತುಂಬ ಬೆಳ್ಳುಳ್ಳಿ ಘಮ. ಮಂಡಕ್ಕಿಯೆಲ್ಲ ಹಳದಿ, ಗುರುತಿನದು ಯಾವುದೋ ಉಳಿದದ್ದು ಯಾವುದೋ.

“ದುರುಗಮ್ಮಾ, ಏನ್ ಮಾಡಿದ್ರಿ?”

“ಒಗ್ಗರಣೆ ಹಾಕಿದ್ನಿ ಮೇಡಂ,” ಎಂದಳು ಅಟೆಂಡರ್ ದುರುಗಮ್ಮ. “ದಾವಣಗೆರೆಯವರ ಮುಂದೆ ಒಣ ಮಂಡಕ್ಕಿ ಇಟ್ರೆ ಮಾನ ಉಳಿತೈತಾ? ನೀವು ಅರಿಶಿನ ಹಾಕಿ ಅರ್ಧಕ್ಕೇ ಬಿಟ್ಟಿದ್ರಿ. ಪಾಪ, ಅಡಿಗಿ ಬರಲ್ಲೇನೋ ಅನ್ಕಂಡೆ.”

“ಮೀನೆಲ್ಲ ಫ್ರೈ ಆದ್ವು,” ಎಂದಳು ಜೀವಶಾಸ್ತ್ರದ ವಿದ್ಯಾರ್ಥಿನಿ ಗುಲ್ನಾಜ್.

ಸರ್ ಆಗಲೇ ತಟ್ಟೆ ಎಳೆದುಕೊಂಡಿದ್ದರು. “ಪ್ರಯೋಗ ಶುರು ಮಾಡ್ರಿ,” ಎಂದರು, ಬಾಯಿ ತುಂಬಿಕೊಂಡೇ.

ಯಶೋದಾಳ ಪೇಪರು ಆ ಬಾಯೊಳಗೆ ಹಿಡಿಹಿಡಿಯಾಗಿ ಹೋಗುತ್ತಿತ್ತು. ಆ ಬಾಯನ್ನೇ ನೋಡುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು.

“ಶುರು ಆಗೈತ್ರಿ ಸರ್. ಗುಲ್ನಾಜ್, ಬೇಟೆಗಾರ ಪ್ರಾಣಿನ ಗಮನಿಸು. ಮಾಲತೇಶ, ನಿಮಿಷಕ್ಕೆಷ್ಟು ಹಿಡಿ ಅಂತ ಬೋರ್ಡಿನ ಮ್ಯಾಲೆ ಗೆರೆ ಎಳಿ.”

ಸರ್ ಹಿಂದೆ ಮುಂದೆ ನೋಡಿದರು. ಪ್ರಾಣಿ ಕಾಣಲಿಲ್ಲ. ತಿನ್ನುತ್ತಲೇ ಇದ್ದರು.

ಗಣಿತದ ಮಾಲತೇಶ ತಲೆ ಕೆರೆದುಕೊಂಡ. “ತಟ್ಟೆಗೆ ಎಷ್ಟು ಸುರಿದ್ರೂ ಸ್ಪೀಡ್ ಏರ್ತಾ ಇಲ್ಲವಲ್ಲೇ.”

“ಅಗಿಯಾಕೆ ಹೊತ್ತು ಬ್ಯಾಡೇನೋ? ಹುಲಿಗೂ ಅಷ್ಟೇ,” ಎಂದಳು ಗುಲ್ನಾಜ್.

ಅವನು ಅಗಿಯುವ ಹೊತ್ತನ್ನೂ ಸಮೀಕರಣಕ್ಕೆ ಸೇರಿಸಿದ. ಗೆರೆ ಲೆಕ್ಕಕ್ಕೆ ಸರಿಯಾಗಿ ಕೂತಿತು. ಜಿರಳೆ, ಲೆಕ್ಕ ಎರಡನ್ನೂ ಮರೆತು ಇಬ್ಬರೂ ಕುಣಿದರು.

ಸರ್ ಕೈ ನಿಂತಿತು. “ಆ ಪ್ರಾಣಿ... ನಾನಾ?”

ದುರುಗಮ್ಮ ಇನ್ನೊಂದು ಸೌಟು ಬಡಿಸಿದಳು.

ಸರ್ ಬೋರ್ಡಿನ ಗೆರೆಯತ್ತ ಬೆರಳು ತೋರಿದರು. “ಜೊತಿಗೆ ಮಿರ್ಚಿ ಇದ್ರೆ ಈ ಗೆರೆ ಹೆಂಗೆ ಹೋಗ್ತೈತೆ?”

“ಗೊತ್ತಿಲ್ರಿ ಸರ್. ಮಾಡೇ ನೋಡಬೇಕು,” ಎಂದ ಮಾಲತೇಶ.

“ಹಂಗಾದ್ರೆ ಮುಂದಿನ ವರ್ಷ ಮಾಡ್ರಿ. ನಾನೇ ಬರ್ತೀನಿ.” ಫೈಲಿಗೆ ಸಹಿ ಹಾಕಿ ಹೊರಟರು. ಐದೂ ಬೆರಳು ಅರಿಶಿನವಾಗಿದ್ದವು.

“ಗುರುತು ಹಾಕಿ ಬಿಟ್ಟಂಗಾತು ಮೇಡಂ,” ಎಂದಳು ಗುಲ್ನಾಜ್. “ಮುಂದಿನ ವರ್ಷ ಮತ್ತೆ ಹಿಡಿಯಾಣ.”